ಹನ್ನೆರಡನೆಯ ಕಿಟ್

ಕೆಲಸ ಮುಗಿದ ಸಂಜೆ ಒಂದು ಕಿಟ್ ಉಳಿದುಕೊಂಡಿತು. ಅದನ್ನು ಕಂಡು ಮನೆಯವರೆಲ್ಲ ಹಿಗ್ಗಿದರು. ದೊಡ್ಡವೆಂಕಟಪ್ಪನೊಬ್ಬ ಮಾತ್ರ ಅದರ ಮುಂದೆ ಕೂತು ಮತ್ತೆ ಲೆಕ್ಕ ಹಾಕತೊಡಗಿದ.

ತರಿಸಿದ್ದು ಹನ್ನೆರಡು ಕಿಟ್. ಕಿಟ್ ಎಂದರೆ ಎರಡು ಡಬ್ಬ: ಒಂದರಲ್ಲಿ ಜೇನಿನಂಥ ರೆಸಿನ್ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಎರಡನ್ನೂ ಕಲಸಿ ನೂರು ಕಿಲೋ ಸಣ್ಣ ಕಲ್ಲಿಗೆ ಹಿಡಿಸಿದರೆ ಮೂವತ್ತಾರು ಚದರಡಿ ನೆಲಕ್ಕೆ ಹಾಸಬಹುದು. ಗೇಟಿನಿಂದ ಜಗಲಿಯವರೆಗಿನ ದಾರಿ ಹನ್ನೆರಡು ಅಡಿ ಅಗಲ, ಮೂವತ್ತಾರು ಅಡಿ ಉದ್ದ. ನಾನೂರ ಮೂವತ್ತೆರಡು ಚದರಡಿ. ಮೂವತ್ತಾರರಿಂದ ಭಾಗಿಸಿದರೆ ಹನ್ನೆರಡು, ಶೇಷವಿಲ್ಲ. ಇಪ್ಪತ್ತು ಕಿಲೋ ಹಿಡಿಯುವ ಬಕೆಟ್ಟಿನಲ್ಲಿ ಕಿಟ್ಟಿಗೆ ಐದು ಬಕೆಟ್ ಕಲ್ಲು, ಒಟ್ಟು ಅರವತ್ತು. ಅರವತ್ತು ಬಕೆಟ್ ಕಲ್ಲನ್ನು ಅವನೇ ಕೈಯಾರೆ ಅಳೆದು ರಾಶಿ ಹಾಕಿಸಿದ್ದ. ಈಗ ರಾಶಿ ಮುಗಿದಿತ್ತು. ದಾರಿಯೂ ಒಂದಂಗುಲ ಬಾಕಿಯಿಲ್ಲದೆ ತುಂಬಿತ್ತು. ಅಂಟು ಮಾತ್ರ ಒಂದು ಕಿಟ್ ಉಳಿದಿತ್ತು. ಇದು ಹೇಗೆ ಸಾಧ್ಯ?

"ಉಳೀತಲ್ಲ, ಒಳ್ಳೇದೇ ಆಯ್ತು ಬಿಡಿ ಮಾವ," ಎಂದಳು ಸೊಸೆ ಅನಿತ. "ನಾಲ್ಕು ಸಾವಿರದ ಎಂಟ್ನೂರು. ಡಬ್ಬ ಒಡೀದಿದ್ರೆ ವಾಪಸ್ ತಗೋತಾರಂತೆ."

"ಉಳೀಬಾರ್ದಿತ್ತು."

"ಕಮ್ಮಿ ಬಿದ್ದಿದ್ರೂ ಬೈತಿದ್ರಿ, ಉಳಿದ್ರೂ ಬೈತೀರ. ನಿಮ್ಗೆ ಯಾವ್ದು ಸರಿಹೋಗುತ್ತೆ ಅಂತ ಅತ್ತೇನೇ ಬಂದು ಹೇಳ್ಬೇಕು."

ದೊಡ್ಡವೆಂಕಟಪ್ಪನ ಹೆಂಡತಿ ಅಶ್ವತ್ಥಮ್ಮನ ಅಣ್ಣ ಆವಲಪ್ಪ, ಗೌನಿಪಲ್ಲಿಯಿಂದ ಸಹಾಯಕ್ಕೆಂದು ಬಂದಿದ್ದವನು, ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ನಕ್ಕ. ಅವನೂ ದೊಡ್ಡವೆಂಕಟಪ್ಪನೂ ನಲವತ್ತು ವರ್ಷದಿಂದ ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುತ್ತ ಬಂದವರು. "ನಾನು ಕಳಿಸಿದ ಕಲ್ಲು ಕಣಯ್ಯ ಬಾವ. ನಮ್ಮ ಕಡೆ ಕಲ್ಲೂ ನಮ್ಮ ಥರಾನೇ, ಕಮ್ಮಿ ಕುಡೀತದೆ."

ಎಲ್ಲರೂ ನಕ್ಕರು. ದೊಡ್ಡವೆಂಕಟಪ್ಪ ಎರಡು ಡಬ್ಬಗಳನ್ನೂ ಎತ್ತಿ, ಅಲುಗಿಸಿ ನೋಡಿ, ರೇಷ್ಮೆಹುಳುವಿನ ಮನೆಯ ಮೂಲೆಯಲ್ಲಿಟ್ಟು ಬಂದ.

ಈ ದಾರಿಯ ಮಾತು ಹುಟ್ಟಿದ್ದು ಅಶ್ವತ್ಥಮ್ಮನ ಸೊಂಟದಿಂದ. ಹನ್ನೆರಡು ವರ್ಷದ ಹಿಂದೆ ಮನೆ ಕಟ್ಟಿಸಿದಾಗ ಹೋಳೂರಿನಲ್ಲಿ ಯಾರ ಅಂಗಳದಲ್ಲೂ ಇಲ್ಲದ ಪಾಲಿಶ್ ಗ್ರಾನೈಟನ್ನು ಅವನು ಗೇಟಿನಿಂದ ಜಗಲಿಯವರೆಗೆ ಹಾಕಿಸಿದ್ದ. ನೆಲ ಗೇಟಿನ ಕಡೆಗೆ ಇಳಿಜಾರು. ಮಾರ್ಗಶಿರದ ಒಂದು ಬೆಳಿಗ್ಗೆ, ಇಬ್ಬನಿ ಕೂತ ಆ ಕಲ್ಲಿನ ಮೇಲೆ ನೀರು ಚಿಮುಕಿಸಲು ಹೋದ ಅಶ್ವತ್ಥಮ್ಮ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ನಾಲ್ವರು ಅವಳನ್ನು ಮಂಚದ ಸಮೇತ ಎತ್ತಿ ಗೇಟು ದಾಟಿಸಿದರು. ಕೋಲಾರದಲ್ಲಿ ಆಪರೇಷನ್ ಆಯಿತು. ಅಲ್ಲಿಂದ ಅವಳು ಹೋದದ್ದು ಮುಳಬಾಗಿಲಿನ ತಂಗಿ ಆಂಜಿನಮ್ಮನ ಮನೆಗೆ. ಅಲ್ಲಿ ಮೆಟ್ಟಿಲೂ ಇಲ್ಲ, ಇಳಿಜಾರೂ ಇಲ್ಲ.

ಹೋಗುವಾಗ ಅವಳು ಒಂದೇ ಮಾತು ಹೇಳಿದ್ದಳು: "ಹೆಣ ಎತ್ತಿದಂಗೆ ಎತ್ಕೊಂಡು ಬಂದ್ರಿ ನನ್ನ, ಊರೆಲ್ಲ ನೋಡ್ತು. ವಾಪಸ್ ಬರೋವಾಗ ನನ್ನ ಕಾಲಲ್ಲೇ ಬರ್ತೀನಿ. ಎತ್ಕೊಂಡು ಬರೋದಾದ್ರೆ ನಾನು ಬರೋದೇ ಇಲ್ಲ."

ವಾಕರ್ ಹಿಡಿದು ನಡೆಯಬಹುದು, ಆದರೆ ಜಾರುವ ನೆಲವೂ ಕೂಡದು, ಉರುಳುವ ಕಲ್ಲೂ ಕೂಡದು ಎಂದಿದ್ದರು ಡಾಕ್ಟರು. ಆದ್ದರಿಂದ ಆ ಮೂವತ್ತಾರು ಅಡಿ ಸರಿಯಾಗುವವರೆಗೆ ಹೆಂಡತಿ ಮನೆಗಿಲ್ಲ. ದೊಡ್ಡವೆಂಕಟಪ್ಪ ಇದನ್ನು ಮೊದಲ ದಿನವೇ ಅರ್ಥಮಾಡಿಕೊಂಡಿದ್ದ.

ನೀರು ಇಂಗಿ ಹೋಗುವ, ಕಾಲು ಜಾರದ, ಕಾರು ಹತ್ತಿದರೂ ಮುರಿಯದ ರೆಸಿನ್ ನೆಲವನ್ನು ಫೋನಿನಲ್ಲಿ ಹುಡುಕಿ ತೋರಿಸಿದವಳು ಅನಿತ. ಬೆಲೆ ವಿಚಾರಿಸಹೋದರೆ ದೊಡ್ಡವೆಂಕಟಪ್ಪನ ತಲೆ ಕೆಟ್ಟುಹೋಯಿತು. ಒಬ್ಬ ಚದರಡಿಗೆ ನೂರತೊಂಬತ್ತು ಎಂದ. ಕೆದಕಿ ಕೇಳಿದರೆ, ನೆಲಕ್ಕೆ ಅಂಟು ಬಳಿದು ಮೇಲಿಂದ ಕಲ್ಲು ಎರಚುವ ಬೇರೆಯೇ ಕೆಲಸ ಅದು. ಇನ್ನೊಬ್ಬ ಚದರ ಮೀಟರಿಗೆ ಮೂರೂವರೆ ಸಾವಿರ ಎಂದ. ಭಾಗಿಸಿ ನೋಡಿದರೆ ಚದರಡಿಗೆ ಮುನ್ನೂರ ಇಪ್ಪತ್ತೈದು. ಮತ್ತೊಬ್ಬ ಎಲ್ಲ ಸೇರಿ ನಾನೂರೈವತ್ತು ಎಂದು ಹೇಳಿ, ಮರುಕ್ಷಣವೇ ತೆರಿಗೆ ಬೇರೆ ಎಂದ. ಎಲ್ಲ ಸೇರಿದ ಮೇಲೆ ಬೇರೆ ಎಂಬುದು ಹೇಗೆ ಉಳಿಯುತ್ತದೆಂದು ಕೇಳಿದ್ದಕ್ಕೆ ಆ ಮನುಷ್ಯ ಫೋನೇ ಇಟ್ಟುಬಿಟ್ಟ. ಒಂದೇ ವಸ್ತುವಿಗೆ ಮೂರು ಬೆಲೆಯೋ, ಮೂರು ವಸ್ತುಗಳಿಗೆ ಒಂದೇ ಹೆಸರೋ, ಅವನಿಗೆ ತಿಳಿಯಲಿಲ್ಲ.

ಕಡೆಗೆ ಸಿಕ್ಕವನು ಮಾಲೂರಿನ ಕದಿರೇಶ್. ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ವರ್ಷ ಇದೇ ಕೆಲಸ ಮಾಡಿ, ಈಗ ಸ್ವಂತಕ್ಕೆ ಮಿಕ್ಸರ್ ಕೊಂಡವನು. ಇದು ಅವನ ಎರಡನೆಯ ಗುತ್ತಿಗೆ. ಅಂಟೂ ಕೂಲಿಯೂ ಸೇರಿ, ಕಲ್ಲು ಅವನದಾದರೆ ಮುನ್ನೂರ ಇಪ್ಪತ್ತು, ಮನೆಯವರದಾದರೆ ಇನ್ನೂರ ನಲವತ್ತು ಎಂದ. ಕೆಳಗೆ, ಗ್ರಾನೈಟ್ ಕಿತ್ತ ಜಾಗಕ್ಕೆ, ಕಾಂಕ್ರೀಟ್ ಹಾಸು ಬೇರೆ. ಅದನ್ನು ಊರಿನ ಗಾರೆಯವರು ಎಪ್ಪತ್ತೈದರಂತೆ ಮೂವತ್ತೆರಡು ಸಾವಿರದ ನಾನೂರಕ್ಕೆ ಮಾಡಿದರು.

"ಕಲ್ಲಿಗೆ ಎಂಬತ್ತು ರೂಪಾಯಾ?" ಎಂದು ಆವಲಪ್ಪ ಫೋನಿನಲ್ಲೇ ಕೂಗಿದ್ದ. "ಕೋಲಾರ ಸೀಮೇಲಿ ಹುಟ್ಟಿ ಕಲ್ಲು ದುಡ್ಡು ಕೊಟ್ಟು ತಗೋತೀಯಾ ಬಾವ? ನಿಮ್ಮಪ್ಪ ಕೇಳಿದ್ರೆ ಎದ್ದು ಬರ್ತಾನೆ. ನಾನು ಕಳಿಸ್ತೀನಿರು."

ಎಂಬತ್ತನ್ನು ನಾನೂರ ಮೂವತ್ತೆರಡರಿಂದ ಗುಣಿಸಿದರೆ ಮೂವತ್ತನಾಲ್ಕು ಸಾವಿರದ ಐನೂರ ಅರವತ್ತು. ಆವಲಪ್ಪ ಜರಡಿ ಹಿಡಿಸಿ ಕಳಿಸಿದ ಬೇಬಿ ಜಲ್ಲಿಗೆ, ಟ್ರಾಕ್ಟರ್ ಬಾಡಿಗೆಯೂ ಸೇರಿ, ಬಿದ್ದದ್ದು ಆರೂವರೆ ಸಾವಿರ. ದೊಡ್ಡವೆಂಕಟಪ್ಪ ಒಪ್ಪಿಕೊಂಡದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಕಲ್ಲಿನಲ್ಲಿ ಧೂಳಿರಬಾರದು, ತೇವವಿರಬಾರದು ಎಂಬುದು ಕದಿರೇಶನ ಕರಾರು. ಒಂದು ಹನಿ ನೀರಿದ್ದರೂ ಅಂಟು ಹಾಲಿನ ಹಾಗೆ ಬೆಳ್ಳಗಾಗುತ್ತದಂತೆ. ಆದ್ದರಿಂದ ಕಲ್ಲನ್ನು ತೊಳೆದು, ಗೇಟಿನ ಪಕ್ಕದ ಕಣದಲ್ಲಿ ರಾಗಿಗೆ ಹಾಸುವ ಟಾರ್ಪಾಲಿನ ಮೇಲೆ ಹರವಿ, ಮೂರು ದಿನ ಬಿಸಿಲಿಗೆ ಒಣಗಿಸಿದರು. ಗಂಟೆಗೊಮ್ಮೆ ಕಾಲಿನಲ್ಲಿ ಕೆದರಿದರು. ಸಂಜೆ ಒಟ್ಟಿ ಮುಚ್ಚಿದರು, ಬೆಳಿಗ್ಗೆ ಬಿಚ್ಚಿ ಹರವಿದರು. ಪಕ್ಕದ ಮನೆಯ ಮುನಿಯಲ್ಲಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಹಪ್ಪಳಾನೂ ಒಣಗಿಸ್ತೀರೇನಪ್ಪ ಜೊತೆಗೆ?" ಎಂದು ಕೇಳಿಹೋದಳು. ಮೂರನೆಯ ಸಂಜೆ ದೊಡ್ಡವೆಂಕಟಪ್ಪ ಬಕೆಟ್ಟಿನಲ್ಲಿ ಅಳೆದು ರಾಶಿ ಹಾಕಿಸಿದ. ಅರವತ್ತು.

ಸೋಮವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಕದಿರೇಶನೂ ಅವನ ಆಳೊಬ್ಬನೂ ಜಗಲಿಯ ಬುಡದಿಂದ ಗೇಟಿನ ಕಡೆಗೆ ಹಿಂದೆ ಸರಿಯುತ್ತ ಹಾಸುವುದು. ಇನ್ನೊಬ್ಬ ಆಳು ಮಿಕ್ಸರ್ ನೋಡಿಕೊಳ್ಳುವುದು. ರಾಶಿಯಿಂದ ಬಕೆಟ್ ತುಂಬಿ ಕೊಡುವುದು ಮನೆಯವರದು.

"ಕಿಟ್ಟಿಗೆ ಐದು ಬಕೆಟ್ ಯಜಮಾನ್ರೆ, ಐದೇ," ಎಂದು ಕದಿರೇಶ್ ಐದು ಬೆರಳು ಬಿಡಿಸಿ ತೋರಿಸಿದ. "ಹೆಚ್ಚೂ ಬೇಡ, ಕಮ್ಮೀನೂ ಬೇಡ. ನಾನು ಅಲ್ಲಿ ಮಂಡಿ ಊರಿ ಕೂತ್ರೆ ಎದ್ದು ಬರೋಕಾಗಲ್ಲ. ಇಪ್ಪತ್ತು ನಿಮಿಷದಲ್ಲಿ ಅಂಟು ಕಚ್ಕೊಳ್ಳುತ್ತೆ."

ಇಬ್ಬರು ಮುದುಕರೂ ತಲೆಯಾಡಿಸಿದರು. ಮೊದಲ ನಾಲ್ಕು ಕಿಟ್ಟಿಗೆ ದೊಡ್ಡವೆಂಕಟಪ್ಪ ತುಂಬಿಕೊಟ್ಟ. ಬೆನ್ನು ಹಿಡಿದುಕೊಂಡಿತು. ಆವಲಪ್ಪ ಸನಿಕೆ ಕಿತ್ತುಕೊಂಡು, "ನೀನು ಹೋಗಿ ಅಲ್ಲಿ ದೊರೆ ಥರ ನಿಂತ್ಕೊ," ಎಂದ. ಮುಂದಿನ ಆರು ಕಿಟ್ ಅವನದಾಯಿತು.

ದೊಡ್ಡವೆಂಕಟಪ್ಪ ಕಾಂಪೌಂಡಿನ ಗೋಡೆಯ ಮೇಲೆ ಮೂರು ಮೂರು ಅಡಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದ. ಒಂದು ಕಿಟ್ಟಿಗೆ ಒಂದು ಗೆರೆ. ನಾಲ್ಕನೆಯದು ಗೆರೆಗೆ ಸರಿಯಾಗಿ ಬಂದು ನಿಂತಿತ್ತು. ಐದನೆಯದು ಗೆರೆ ದಾಟಿ ಏಳು ಅಂಗುಲ ಮುಂದೆ ಹೋಯಿತು.

"ಗೆರೆ ದಾಟ್ತಲ್ಲಯ್ಯ!"

"ಇಳಿಜಾರಲ್ವಾ ಯಜಮಾನ್ರೆ, ಒಂಚೂರು ಎಳ್ಕೊಳ್ಳುತ್ತೆ," ಎಂದ ಕದಿರೇಶ್ ತಲೆ ಎತ್ತದೆ. ಸ್ವಲ್ಪ ಹೊತ್ತಿನ ಮೇಲೆ ತನ್ನಷ್ಟಕ್ಕೆ, "ಯಾಕೋ ಬಿಸಿಲಿಗೆ ಬೇಗ ಒಣಗ್ತಾ ಇದೆ," ಎಂದುಕೊಂಡ.

ಆರನೆಯದು ಹದಿನಾಲ್ಕು ಅಂಗುಲ ದಾಟಿತು. ಹತ್ತನೆಯದರ ವೇಳೆಗೆ ಮೂರೂವರೆ ಅಡಿಗೂ ಹೆಚ್ಚು. ರಾಶಿಯಲ್ಲಿ ಉಳಿದದ್ದು ನಾಲ್ಕೇ ಬಕೆಟ್. ಹನ್ನೊಂದನೆಯ ಕಿಟ್ಟನ್ನು ಅದಕ್ಕೇ ಸುರಿದು ಗೇಟು ಮುಟ್ಟಿಸಿದರು. ಸಂಜೆ ಮುಳಬಾಗಿಲಿಗೆ ಫೋನ್ ಹೋಯಿತು. ಶುಕ್ರವಾರ ಕರೆದುಕೊಂಡು ಬರುವುದೆಂದು ನಿಶ್ಚಯವಾಯಿತು.

ಬುಧವಾರ ಕಸ ಗುಡಿಸಿದ ಅನಿತಳ ಕಸದ ಮೊರದಲ್ಲಿ ಒಂದು ಹಿಡಿ ಕಲ್ಲಿತ್ತು.

ದೊಡ್ಡವೆಂಕಟಪ್ಪ ಬರಿಗಾಲಿನಲ್ಲಿ ದಾರಿಯನ್ನು ಅಡಿಅಡಿಯಾಗಿ ಉಜ್ಜಿ ನೋಡಿದ. ಜಗಲಿಯಿಂದ ಹನ್ನೆರಡು ಅಡಿ ಕಬ್ಬಿಣದ ಹಾಗಿತ್ತು. ಗೇಟಿನ ಬಳಿ ಎರಡೂವರೆ ಅಡಿಯೂ ಹಾಗೆಯೇ. ನಡುವಿನ ಇಪ್ಪತ್ತೊಂದೂವರೆ ಅಡಿಯಲ್ಲಿ ಮಾತ್ರ ಹೆಬ್ಬೆರಳು ತಿರುವಿದರೆ ಕಲ್ಲು ಕಿತ್ತುಬರುತ್ತಿತ್ತು. ಬಂದ ಕಲ್ಲು ಕಾಲ ಕೆಳಗೆ ಜೋಳದ ಕಾಳಿನಂತೆ ಉರುಳುತ್ತಿತ್ತು.

"ನೀರು ಹಾಕ್ಲಿಲ್ಲ ನೀವು, ಅದಕ್ಕೇ," ಎಂದಳು ಮುನಿಯಲ್ಲಮ್ಮ. "ಗಾರೆ ಕೆಲಸ ಅಂದ್ಮೇಲೆ ಎರಡು ಹೊತ್ತೂ ನೀರು ಕುಡಿಸ್ಬೇಕು."

"ಇದಕ್ಕೆ ನೀರು ಹಾಕ್ಬಾರ್ದಂತೆ ಕಣಮ್ಮ."

"ನೀರೇ ಬೇಡ್ವಂತೆ! ಅದೆಂಥ ನೆಲವಪ್ಪ?"

ಮಧ್ಯಾಹ್ನ ಅವನು ಅನಿತಳ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ. ತಾನು ಕೊಟ್ಟ ನಾಲ್ಕು ಕಿಟ್ಟಿಗೆ ಐದರಂತೆ ಇಪ್ಪತ್ತು. ಕೊನೆಯದಕ್ಕೆ ನಾಲ್ಕು. ಅರವತ್ತರಲ್ಲಿ ಇಪ್ಪತ್ತನಾಲ್ಕು ಕಳೆದರೆ ಮೂವತ್ತಾರು. ಆ ಮೂವತ್ತಾರು ಬಕೆಟ್ಟು ಆವಲಪ್ಪ ಕೊಟ್ಟ ಆರು ಕಿಟ್ಟಿಗೆ ಹೋಗಿದ್ದರೆ, ಕಿಟ್ಟಿಗೆ ಆರು. ಆರು ಬಕೆಟ್ ಕಲ್ಲಿಗೆ ಐದು ಬಕೆಟ್ಟಿನ ಅಂಟು. ಉದುರದೆ ಏನು ಮಾಡೀತು? ಗೆರೆ ದಾಟಿದ್ದೂ ಸರಿಹೋಯಿತು, ಕಿಟ್ ಉಳಿದದ್ದೂ ಸರಿಹೋಯಿತು. ಲೆಕ್ಕ ಕನ್ನಡಿಯ ಹಾಗೆ ಸ್ಪಷ್ಟವಾಗಿತ್ತು.

ಅವನು ಗೌನಿಪಲ್ಲಿಗೆ ಫೋನ್ ಮಾಡಿದ. ಆವಲಪ್ಪ ಮಾವಿನ ಹೂವಿಗೆ ಔಷಧಿ ಹೊಡೆಸುತ್ತ ತೋಟದಲ್ಲಿದ್ದ.

"ಬಾವ, ಕಿಟ್ಟಿಗೆ ಎಷ್ಟು ಬಕೆಟ್ ಕೊಟ್ಟೆ?"

"ಐದು."

"ಸರಿಯಾಗಿ ಜ್ಞಾಪಿಸ್ಕೊ. ಆರೇನಾದ್ರೂ..."

"ಏನಯ್ಯ ಹಂಗಂದ್ರೆ? ಅವ್ನು ಐದು ಬೆರಳು ತೋರಿಸ್ದ, ನಾನು ಐದು ಎಣಿಸಿ ಕೊಟ್ಟೆ. ನಮ್ಮಮ್ಮನಾಣೆ, ಐದೇ. ಆರು ಅಂತ ನನ್ನ ಬಾಯಲ್ಲಿ ಒಂದ್ಸಲಾನೂ ಬರ್ಲಿಲ್ಲ."

ದೊಡ್ಡವೆಂಕಟಪ್ಪ ಫೋನಿಟ್ಟು ಕ್ಯಾಲೆಂಡರಿನ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡಿದ. ಆವಲಪ್ಪ ಬಾಯಿ ಜೋರಿನ ಮನುಷ್ಯ, ಆದರೆ ತಾಯಿಯ ಮೇಲೆ ಸುಳ್ಳು ಆಣೆ ಇಡುವವನಲ್ಲ. ಲೆಕ್ಕವೂ ಸುಳ್ಳು ಹೇಳುವುದಲ್ಲ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಯಾವುದನ್ನು ಸುಳ್ಳೆನ್ನಲೂ ಅವನಿಗೆ ಮನಸ್ಸು ಬರಲಿಲ್ಲ. ಹೀಗೆ ದಾರಿ ಕಾಣದೆ ನಿಂತ ಮನುಷ್ಯ ಸಾಮಾನ್ಯವಾಗಿ ಮಾಡುವುದನ್ನೇ ಅವನೂ ಮಾಡಿದ. ಮೂರನೆಯವನೊಬ್ಬನನ್ನು ಹುಡುಕಿದ.

ಗುರುವಾರ ಬಂದ ಕದಿರೇಶನನ್ನು ಗೇಟಿನಲ್ಲೇ ತಡೆದ. "ಕಿಟ್ ಉಳಿಸೋಕೆ ತೆಳ್ಳಗೆ ಎಳ್ದುಬಿಟ್ಯಲ್ಲಯ್ಯ. ಗೆರೆ ದಾಟ್ತು ಅಂದ್ರೆ ಇಳಿಜಾರು ಅಂತೀಯ. ಇಳಿಜಾರು ನಿನ್ನ ಜೇಬಿನ ಕಡೆಗಿತ್ತೇನು?"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಕದಿರೇಶನ ಮುಖ ಕೆಂಪಾಯಿತು. "ಉಳಿದ ಕಿಟ್ ನಿಮ್ಮನೇಲೇ ಇದೆ ಯಜಮಾನ್ರೆ. ನಾನು ತಗೊಂಡು ಹೋಗಿಲ್ಲ." ಒಳಗೆ ಬಂದು, ಉಳಿ ಹಿಡಿದು ಎರಡು ಕಡೆ ನೆಲ ಕೆತ್ತಿದ, ಒಂದು ಗಟ್ಟಿ ಭಾಗದಲ್ಲಿ, ಒಂದು ಉದುರುವ ಭಾಗದಲ್ಲಿ. ಅಳತೆಪಟ್ಟಿ ಇಟ್ಟು ತೋರಿಸಿದ. ಎರಡೂ ಕಡೆ ಹದಿನೆಂಟು ಮಿಲಿಮೀಟರ್.

ದೊಡ್ಡವೆಂಕಟಪ್ಪ ಕನ್ನಡಕ ಹಾಕಿಕೊಂಡು ತಾನೂ ಅಳೆದ. ಹದಿನೆಂಟೇ. ಹಾಗಾದರೆ ತೆಳ್ಳಗಿಲ್ಲ. ಹಾಗಾದರೆ?

"ನಂಗೂ ಗೊತ್ತಾಗ್ತಿಲ್ಲ," ಎಂದ ಕದಿರೇಶ್. ದನಿಯಲ್ಲಿ ಸಿಟ್ಟು ಇಳಿದು ಅಂಜಿಕೆ ಬಂದಿತ್ತು. "ಆದ್ರೆ ನಾನು ಹಾಸಿದ ನೆಲ. ಎರಡನೇ ಕೆಲಸಾನೇ ಹಿಂಗಾಯ್ತು ಅಂದ್ರೆ ನನ್ನ ಮೂರನೇ ಕೆಲಸಕ್ಕೆ ಯಾರು ಕರೀತಾರೆ? ಕೆಟ್ಟಿರೋದನ್ನ ಕಿತ್ತು ನನ್ನ ಖರ್ಚಲ್ಲೇ ಹಾಕ್ಕೊಡ್ತೀನಿ. ಕಲ್ಲು ಮಾತ್ರ ಕೊಡಿಸಿ."

ಗೆದ್ದವನಂತೆ ಇರಬೇಕಾಗಿದ್ದ ದೊಡ್ಡವೆಂಕಟಪ್ಪನಿಗೆ ಆ ರಾತ್ರಿಯ ಊಟ ಸೇರಲಿಲ್ಲ.

ಶುಕ್ರವಾರ ಅಶ್ವತ್ಥಮ್ಮ ಬರಲಿಲ್ಲ. ಅವನು ಫೋನಿನಲ್ಲಿ, "ಇನ್ನೂ ಒಣಗ್ಬೇಕಂತೆ," ಎಂದ.

"ಇನ್ನೆಷ್ಟು ದಿನ ಒಣಗ್ತದೆ ಅದು? ನೆಲಾನೋ ಹುಣಸೇಹಣ್ಣೋ?" ಎಂದಳು ಅಶ್ವತ್ಥಮ್ಮ. ನಗಲಿಲ್ಲ. "ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡಿ. ಕಾದು ಕಾದು ಸಾಕಾಯ್ತು."

ಭಾನುವಾರ ಆಂಜಿನಮ್ಮ ಬೇರೆಯಾಗಿ ಫೋನ್ ಮಾಡಿದಳು. "ಬಾವ, ಅಕ್ಕ ಎರಡು ದಿನದಿಂದ ಎದ್ದಿಲ್ಲ. ವಾಕರ್ ಮೂಲೇಲಿಟ್ಟವಳೆ. ನಡ್ದು ಎಲ್ಲಿಗೆ ಹೋಗ್ಲಿ ಅಂತಾಳೆ. ಹಿಂಗೇ ಮಲಗಿದ್ರೆ ಕಾಲು ಹಿಡ್ಕೊಂಡ್ಬಿಡ್ತದಂತೆ, ಡಾಕ್ಟ್ರು ಬೈದು ಹೋದ್ರು."

ಇಷ್ಟು ದಿನ ಅಂಗಳವನ್ನು ಅಡಿಯಲ್ಲಿ ಅಳೆದಿದ್ದವನಿಗೆ ಅದು ಮೊದಲ ಬಾರಿಗೆ ದಿನಗಳ ಲೆಕ್ಕದಲ್ಲಿ ಕಂಡಿತು.

ಆವಲಪ್ಪ ಎರಡನೆಯ ಸಲ ಕಲ್ಲು ತಂದ. ಈ ಬಾರಿ ತಾನೇ ಟ್ರಾಕ್ಟರಿನಲ್ಲಿ ಕೂತು ಬಂದ. ಕಲ್ಲಿನದೇ ದೋಷವೆಂದು ಯಾರೂ ಹೇಳದಿದ್ದರೂ ಅವನಿಗೆ ಹಾಗೆನಿಸಿರಬೇಕು. ಮತ್ತೆ ತೊಳೆದು ಮತ್ತೆ ಒಣಗಿಸಿದರು. ಕದಿರೇಶನೂ ಆಳುಗಳೂ ಕೆಟ್ಟ ಭಾಗವನ್ನು ಕಿತ್ತುಹಾಕಿದರು. ಬುಧವಾರ ಬೆಳಿಗ್ಗೆ ಮಿಕ್ಸರ್ ಚಾಲೂ ಮಾಡುವ ಮುನ್ನ ಕದಿರೇಶ್, "ಈ ಸಲ ತೂಕಾನೂ ನೋಡ್ಬಿಡೋಣ," ಎಂದ. ರೇಷ್ಮೆಗೂಡು ತೂಗುವ ತಕ್ಕಡಿಯನ್ನು ತರಲು ಅವನು ಹುಳುವಿನ ಮನೆಗೆ ಹೋದ.

"ಬಾವ, ಅಷ್ಟ್ರಲ್ಲಿ ಒಂದು ಕಿಟ್ಟಿಗಾಗುವಷ್ಟು ಅಳೆದು ಈ ಟಾರ್ಪಾಲಿಗೆ ಸುರಿ," ಎಂದ ದೊಡ್ಡವೆಂಕಟಪ್ಪ.

ಆವಲಪ್ಪ ರಾಶಿಯ ಮುಂದೆ ಕೂತ. ಬಕೆಟ್ ತುಂಬಿದ, ಅಂಗೈಯಿಂದ ಮಟ್ಟ ಮಾಡಿದ, ಸುರಿದ. ಮೊದಲ ಸಲ ಈ ಕೆಲಸ ನಡೆದಾಗ ಮಿಕ್ಸರಿನ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಈಗ ಕಣ ನಿಶ್ಶಬ್ದವಾಗಿತ್ತು.

"ಲಾಭ," ಎಂದ ಆವಲಪ್ಪ.

ದೊಡ್ಡವೆಂಕಟಪ್ಪನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ರಾಶಿಯ ಮುಂದೆ ಕೂತು ಅಳೆಯುವ ಯಾವ ರೈತನೂ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. ಒಂಟಿ ಅಂಕಿಯಿಂದ ಶುರು ಮಾಡಿದರೆ ರಾಶಿಗೆ ಏಳಿಗೆಯಿಲ್ಲವೆಂದು ಲಾಭ ಎನ್ನುತ್ತಾನೆ. ತಾನೂ ಹಾಗೆಯೇ ಎಣಿಸಿದ್ದ. ಕಲ್ಲಾದರೇನು, ಕಣದಲ್ಲಿ ಒಣಗಿ ರಾಶಿಯಾದದ್ದು ರಾಶಿಯೇ.

ಆವಲಪ್ಪ ಎರಡನೆಯ ಬಕೆಟ್ ಸುರಿದ. "ಒಂದು," ಎಂದ.

ದೊಡ್ಡವೆಂಕಟಪ್ಪ ಕೂತಲ್ಲಿಂದ ಎದ್ದು ನಿಂತ. ಎರಡು, ಮೂರು, ನಾಲ್ಕು, ಐದು ಆಗುವವರೆಗೂ ತಾನೂ ಒಂದೊಂದಾಗಿ ಬೆರಳು ಮಡಿಚಿದ.

"ಬಾವ, ಎಷ್ಟಾಯ್ತು?"

"ಐದು."

"ಮೊದಲನೇದು?"

"ಅದು ಲಾಭ."

"ಲಾಭಾನ ಎಣಿಕೆಗೆ ತಗೊಳ್ಳಲ್ವಾ?"

ಆವಲಪ್ಪ ಅವನನ್ನು ಬುದ್ಧಿ ಕಮ್ಮಿಯಾದವನನ್ನು ನೋಡುವಂತೆ ನೋಡಿದ. "ಲಾಭಾನ ಯಾರಾದ್ರೂ ಎಣಿಸ್ತಾರೇನಯ್ಯ? ಅದು ತಗೊಳ್ಳೋನ ಪಾಲು, ಮೇಲಿಂದು. ಆಮೇಲೆ ಒಂದರಿಂದ ಎಣಿಕೆ."

"ನಾವು ಲಾಭ ಆದ್ಮೇಲೆ ಎರಡು ಅಂತೀವಿ."

"ಎರಡಾ? ಹಂಗಾದ್ರೆ ಒಂದು ಎಲ್ಲಿ ಹೋಯ್ತು?"

"ಲಾಭಾನೇ ಒಂದು."

"ಅದೆಂಗಯ್ಯ ಆಗ್ತದೆ!" ಎಂದು ಆವಲಪ್ಪ ದನಿ ಏರಿಸಿದವನು ಹಾಗೆಯೇ ನಿಂತುಬಿಟ್ಟ. ಅವನ ಮುಖದಲ್ಲಿ ಏನೋ ಬಹಳ ಹಳೆಯದೊಂದು ಕದಲಿದಂತೆ ಕಂಡಿತು. "ತಾಳು. ಮದುವೆ ಆದ ವರ್ಷದಿಂದ ನಮ್ಮನೆಗೆ ರಾಗಿ ಕಳಿಸ್ತಿದ್ರಲ್ಲ ನೀವು. ಇಪ್ಪತ್ತು ಕೊಳಗ ಅಂತ ಹೇಳಿ ಕಳಿಸ್ತಿದ್ರಿ. ನಾವು ಅಳೆದ್ರೆ ಹತ್ತೊಂಬತ್ತೇ. ಪ್ರತಿ ವರ್ಷಾನೂ ಹತ್ತೊಂಬತ್ತೇ. ಹೋಳೂರೋರ ಕೈ ಬಿಗಿ, ಹೆಣ್ಣು ಕೊಟ್ಟಾಗಿದೆ, ಬಾಯಿ ಮುಚ್ಕೊಂಡಿರು ಅಂತ ನಮ್ಮಪ್ಪ ಹೇಳೋನು. ಸಾಯೋವರೆಗೂ ಹೇಳ್ದ."

"ನಿಮ್ಮನೆ ಹುಣಸೇಹಣ್ಣು ನಾವು ಅಳೆದ್ರೆ ಯಾವಾಗ್ಲೂ ಒಂದು ಕೊಳಗ ಹೆಚ್ಚಿಗೆ ಬರ್ತಿತ್ತು," ಎಂದ ದೊಡ್ಡವೆಂಕಟಪ್ಪ ನಿಧಾನವಾಗಿ. "ಗೌನಿಪಲ್ಲಿಯೋರು ಧಾರಾಳಿಗಳು ಅಂತ ನಮ್ಮಮ್ಮ ಬೀದಿಗೆಲ್ಲ ಹೇಳ್ಕೊಂಡು ಬರೋಳು."

ಇಬ್ಬರೂ ಕಲ್ಲಿನ ರಾಶಿಯನ್ನು ನೋಡುತ್ತ ನಿಂತರು. ನಲವತ್ತು ವರ್ಷ ಒಂದು ಮನೆ ಜಿಪುಣರದೆಂದೂ ಇನ್ನೊಂದು ಮನೆ ಉದಾರಿಗಳದೆಂದೂ ನಡೆದುಬಂದಿತ್ತು. ಅಷ್ಟಕ್ಕೂ ಅವರವರ ಎಣಿಕೆಯ ಮಟ್ಟಿಗೆ ಯಾರೂ ಒಂದು ಕಾಳು ಹೆಚ್ಚು ಕೊಟ್ಟಿರಲಿಲ್ಲ, ಕಡಿಮೆ ಕೊಟ್ಟಿರಲಿಲ್ಲ. ಇದರಲ್ಲಿ ಯಾರು ಯಾರ ಕ್ಷಮೆ ಕೇಳಬೇಕೆಂಬುದೂ ದೊಡ್ಡವೆಂಕಟಪ್ಪನಿಗೆ ತಿಳಿಯಲಿಲ್ಲ.

ಹುಳುವಿನ ಮನೆಯಿಂದ ತಕ್ಕಡಿ ಎಳೆಯುವ ಸದ್ದು ಬಂತು. ಆವಲಪ್ಪ ಅವನ ತೋಳು ಹಿಡಿದು ಪಿಸುಗುಟ್ಟಿದ. "ಬಾವ, ಈಗೇನೂ ಹೇಳಕ್ಕೆ ಹೋಗ್ಬೇಡ. ಅವ್ನೇ ಹಾಕ್ಕೊಡ್ತೀನಿ ಅಂತ ಒಪ್ಕೊಂಡವನೆ. ಈಗ ಹೇಳಿದ್ರೆ ಖರ್ಚು ನಿನ್ನ ತಲೆಗೆ, ನಗೆ ನನ್ನ ತಲೆಗೆ."

ಉಳಿದಿದ್ದ ಒಂದರ ಜೊತೆಗೆ ಹೊಸದಾಗಿ ತರಿಸಿದ ಏಳು ಕಿಟ್, ನಾಲ್ಕು ಸಾವಿರದ ಎಂಟುನೂರರಂತೆ ಮೂವತ್ತಮೂರು ಸಾವಿರದ ಆರುನೂರು. ದೊಡ್ಡವೆಂಕಟಪ್ಪ ಅದನ್ನು ಮನಸ್ಸಿನಲ್ಲೇ ಗುಣಿಸಿದ. ಬೇರೆ ದಿನವಾಗಿದ್ದರೆ ಆ ಮೊತ್ತ ಅವನ ಬಾಯನ್ನು ಕಟ್ಟಿಹಾಕುತ್ತಿತ್ತೇನೋ. ಆದರೆ ಹತ್ತು ದಿನ ಕೂಡದೆ ಕಾಡಿದ ಲೆಕ್ಕ ಈಗ ಕೂಡಿತ್ತು. ಕೂಡಿದ ಮೇಲೆ ಅದರ ಒಂದು ಸಾಲನ್ನು ಇನ್ನೊಬ್ಬನ ಹೆಸರಿನಲ್ಲಿ ಬರೆಯಲು ಅವನ ಕೈ ಬರಲಿಲ್ಲ. ಆ ದಾರಿಯ ಮೇಲೆ ಅಶ್ವತ್ಥಮ್ಮ ನಡೆದು ಬರಬೇಕಾಗಿತ್ತು.

"ಕದಿರೇಶ, ಇಲ್ಲಿ ಬಾ," ಎಂದು ಗಟ್ಟಿಯಾಗಿಯೇ ಕರೆದ. "ಇದನ್ನ ತೂಗು."

ತೂಗಿದರೆ ನೂರಿಪ್ಪತ್ತು ಕಿಲೋ ಬಂತು. ಕದಿರೇಶ್ ತಕ್ಕಡಿಯನ್ನು ಎರಡು ಸಲ ತಟ್ಟಿ ನೋಡಿದ. ದೊಡ್ಡವೆಂಕಟಪ್ಪ ಮೊದಲಿನಿಂದ ವಿವರಿಸಿದ. ಅರ್ಧಕ್ಕೆ ಕದಿರೇಶನಿಗೆ ಗೊಂದಲವಾಯಿತು, ಇನ್ನೊಮ್ಮೆ ಹೇಳಬೇಕಾಯಿತು. ಆಮೇಲೆ ಅವನು ರಾಶಿಯ ಅಂಚಿನಲ್ಲಿ ಕುಸಿದು ಕೂತ.

"ಒಂದನ್ನ ಒಂದು ಅಂತ ಕರೆಯೋಕೆ ಏನ್ ಕಷ್ಟ ಯಜಮಾನ್ರೆ ನಿಮ್ಗೆಲ್ಲ?"

"ಕಷ್ಟಾನೇ ಕಣಪ್ಪ," ಎಂದ ಆವಲಪ್ಪ, ತಲೆ ತಗ್ಗಿಸಿ.

"ಬೀದೀಲಿ ನಿಲ್ಸಿ ಕಳ್ಳ ಅಂದ್ರಲ್ಲ ನನ್ನ."

"ಅಂದೆ. ತಪ್ಪಾಯ್ತು. ಬೀದೀಲೇ ನಿಂತು ಇದನ್ನೂ ಹೇಳ್ತೀನಿ," ಎಂದ ದೊಡ್ಡವೆಂಕಟಪ್ಪ. ಹೇಳಿಯೂ ಹೇಳಿದ; ಗೇಟಿನ ಆಚೆ ನಿಂತು, ಮುನಿಯಲ್ಲಮ್ಮನಿಗೂ ಅವಳ ಜೊತೆಯಿದ್ದ ಇಬ್ಬರಿಗೂ. ಮುನಿಯಲ್ಲಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ. "ನೀರು ಹಾಕಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ," ಎಂದಳು.

ಹೊಸ ಕಿಟ್ಟುಗಳ ಬೆಲೆಯನ್ನೂ ಆಳುಗಳ ಮೂರು ದಿನದ ಕೂಲಿ ಐದು ಸಾವಿರದ ನಾನೂರನ್ನೂ ಅವನು ಕೊಟ್ಟ. ತನ್ನ ಕೂಲಿಯನ್ನು ಕದಿರೇಶ್ ತೆಗೆದುಕೊಳ್ಳಲಿಲ್ಲ. ತೂಗದೆ ಬಿಟ್ಟದ್ದು ತನ್ನ ತಪ್ಪೆಂದ. ಎರಡನೆಯ ಟ್ರಾಕ್ಟರಿಗೆ ಆವಲಪ್ಪ ಕಾಸು ಮುಟ್ಟಲಿಲ್ಲ. ಕಲ್ಲನ್ನು ಕದಿರೇಶನದೇ ಎಂದು ಮೊದಲೇ ಒಪ್ಪಿಕೊಂಡಿದ್ದರೆ ಒಟ್ಟು ಹತ್ತು ಸಾವಿರದ ಒಂಬೈನೂರ ನಲವತ್ತು ಕಡಿಮೆ ಬೀಳುತ್ತಿತ್ತು ಎಂಬುದನ್ನು ದೊಡ್ಡವೆಂಕಟಪ್ಪ ಕ್ಯಾಲೆಂಡರಿನ ಹಿಂದೆ ಕಂಡುಹಿಡಿದ. ಯಾರಿಗೂ ಹೇಳಲಿಲ್ಲ.

ಅವತ್ತು ಕಲ್ಲನ್ನು ಯಾರೂ ಎಣಿಸಲಿಲ್ಲ. ಎಲ್ಲ ತಕ್ಕಡಿಯ ಮೇಲೆಯೇ ಹೋಯಿತು. ನಾಲ್ಕು ದಿನ ಬಿಟ್ಟು ದೊಡ್ಡವೆಂಕಟಪ್ಪ ಹಿಮ್ಮಡಿಯಿಂದ ತಿರುವಿ ನೋಡಿದ, ಸೌದೆ ಹೊತ್ತು ನಡೆದು ನೋಡಿದ, ಅನಿತಳಿಂದ ಗುಡಿಸಿ ನೋಡಿಸಿದ. ಮೊರದಲ್ಲಿ ಬರೀ ಬೇವಿನ ಎಲೆ. ಆಗಲೇ ಮುಳಬಾಗಿಲಿಗೆ ಫೋನ್ ಮಾಡಿದ. "ಬಾ," ಎಂದಷ್ಟೇ ಹೇಳಿದ. ಆಂಜಿನಮ್ಮನ ಪ್ರಕಾರ ಅಕ್ಕ ಅವತ್ತೇ ಮೂಲೆಯ ವಾಕರ್ ತರಿಸಿಕೊಂಡು ಮನೆಯೊಳಗೆ ಹತ್ತು ಸುತ್ತು ಹಾಕಿದಳಂತೆ.

ಬುಧವಾರ ಬೆಳಿಗ್ಗೆ ಕಾರು ಗೇಟಿನ ಹೊರಗೆ ನಿಂತಿತು. ಕರೆತರಲು ಹೋಗಿದ್ದ, ಕಾರನ್ನು ಒಳಗೇ ತರುತ್ತೇನೆಂದ ಮಗನನ್ನು ಅಶ್ವತ್ಥಮ್ಮ ಗದರಿಸಿ ಬೀದಿಯಲ್ಲೇ ಇಳಿದಳು. ಮೂರು ತಿಂಗಳಲ್ಲಿ ಸೊರಗಿದ್ದಳು. ಕೈಹಿಡಿಯಲು ಬಂದ ಅನಿತಳನ್ನು ಕಣ್ಣಿನಲ್ಲೇ ದೂರ ಸರಿಸಿದಳು. ವಾಕರನ್ನು ಎತ್ತಿ ಮುಂದಿಟ್ಟಳು, ಒಂದು ಹೆಜ್ಜೆ. ಮತ್ತೆ ಎತ್ತಿಟ್ಟಳು, ಇನ್ನೊಂದು. ಬೀದಿಯ ಜನ ನೋಡುತ್ತಿದ್ದರು. ಆವಲಪ್ಪ ಗೋಡೆಗೆ ಒರಗಿದ್ದ. ದೊಡ್ಡವೆಂಕಟಪ್ಪ ಅವಳಿಗೆ ಎದುರಾಗಿ, ಹಿಂದೆ ಹಿಂದೆ ಸರಿಯುತ್ತ, ಎರಡು ಕೈಯನ್ನೂ ಅರ್ಧ ಚಾಚಿಕೊಂಡು ನಡೆಯುತ್ತಿದ್ದ.

ದಾರಿಯ ನಡುವೆ ಅವಳು ನಿಂತುಬಿಟ್ಟಳು. ಅವನ ಕೈಗಳು ಪೂರ್ತಿ ಚಾಚಿಕೊಂಡವು.

"ಯಾಕೆ? ನೋಯ್ತದಾ?"

ಅವಳು ನೆಲವನ್ನೇ ನೋಡುತ್ತಿದ್ದಳು. "ಎಷ್ಟಾಯ್ತು ಇದಕ್ಕೆ?"

ಮನೆಯ ಯಾವ ಖರ್ಚನ್ನೂ ಅವನು ಅವಳಿಗೆ ಪೂರ್ತಿ ಹೇಳಿದವನಲ್ಲ. ಸೀರೆಯಿಂದ ಕೊಳವೆಬಾವಿಯವರೆಗೆ ಎಲ್ಲದರಲ್ಲೂ ಕಾಲು ಭಾಗ ನುಂಗಿಯೇ ಹೇಳುತ್ತಿದ್ದ. ಈಗ ನುಂಗಲಿಲ್ಲ.

"ಒಂದು ಲಕ್ಷದ ಎಂಬತ್ತೊಂದು ಸಾವಿರದ ಐನೂರ ಎಂಬತ್ತು."

ಅಣ್ಣನ ಕಡೆ ನೋಡಿದಳು. ಅವನು ತೆಂಗಿನಮರ ನೋಡುತ್ತಿದ್ದ. ಗಂಡನ ಕಡೆ ನೋಡಿದಳು.

"ಅಷ್ಟು ಸುರಿದು ಇದೇನ್ರೀ ಬಣ್ಣ, ಬೇಯಿಸಿದ ಹುರುಳಿ ಥರ?"

ಅವನೂ ಬಗ್ಗಿ ನೆಲದ ಬಣ್ಣ ನೋಡಿದ.

"ಸರಿ, ಆ ಕಡೆ ಸರೀರಿ. ದಾರಿಗೆ ಅಡ್ಡ ನಿಂತಿದೀರ."

ಅವನು ಗೋಡೆಯ ಕಡೆಗೆ ಸರಿದ. ಅಶ್ವತ್ಥಮ್ಮ ವಾಕರ್ ಎತ್ತಿ, ಅವನು ನಿಂತಿದ್ದ ಜಾಗದಲ್ಲಿಟ್ಟು, ಅದರ ಮೇಲೆ ಮೈಭಾರ ಬಿಟ್ಟಳು. ಒಂದು ಕಲ್ಲೂ ಕದಲಲಿಲ್ಲ. ಜಗಲಿ ಇನ್ನೂ ಹದಿನೈದು ಅಡಿ ದೂರವಿತ್ತು. ಅವಳು ಯಾರ ಮುಖವನ್ನೂ ನೋಡದೆ ನಡೆದಳು.